ಡಯೋಡ್ ಇರಬೇಕಾದ ಜಾಗ

೧೧ ಮಾರ್ಚ್ ೧೯೭೯, ಅಗರಖೇಡ

ಮಾವ ಇವತ್ತು ಬಿಸಿಲ ಹಲಗೆಗಳನ್ನು ಚಾವಣಿಗೆ ಏರಿಸಿದರು. ಅರ್ಧ ಊರು ಕೆಳಗೆ ನಿಂತು ನೋಡಿತು. ಗಾಜಿನ ಅಡಿಯಲ್ಲಿ ಸಾಲಾಗಿ ನೀಲಿ ಬಿಲ್ಲೆಗಳು. ಇವುಗಳ ಮೇಲೆ ಬಿಸಿಲು ಬಿದ್ದರೆ ಕರೆಂಟು ಹುಟ್ಟುತ್ತದೆ ಎಂದರೆ ಯಾರೂ ನಂಬಲೊಲ್ಲರು. ಮೊನ್ನೆಯವರೆಗೆ ನಾನೂ ನಂಬಿರಲಿಲ್ಲ.

ಅಕ್ಕ ರೇವವ್ವ ಈ ಮನುಷ್ಯನ ಕೈ ಹಿಡಿದದ್ದು ನಮ್ಮ ಮನೆತನದ ಪುಣ್ಯ. ಹೂವಿನ ಹಿಪ್ಪರಗಿಯಲ್ಲಿ ಪಿ.ಯು.ಸಿ. ಮುಗಿಸಿ ಕಟ್ಟೆಯ ಮೇಲೆ ಕೂತಿದ್ದ ನನ್ನನ್ನು ಕರೆತಂದು, ತಮ್ಮ ಸಂಸ್ಥೆಯ ಸಾಹೇಬರ ಮುಂದೆ ನಿಲ್ಲಿಸಿ, “ಈ ಹುಡುಗನ ಜವಾಬ್ದಾರಿ ನಂದ್ರಿ” ಎಂದವರು ಮಾಳಿಂಗಪ್ಪ ಮಾವ. ನನ್ನ ಕೆಲಸ ಇಷ್ಟೆ. ಭೀಮಾ ಹೊಳೆಯಲ್ಲಿ ನಿಲ್ಲಿಸಿದ ಅಳತೆಯ ಕಂಬ ನೋಡುವುದು, ನೀರು ಎಷ್ಟಿದೆ ಎಂದು ವೈರ್‌ಲೆಸ್ಸಿನಲ್ಲಿ ಕೆಳಗಿನ ದೇವಣಗಾಂವಕ್ಕೆ ಹೇಳುವುದು. ಅಲ್ಲಿ ಇಂಥದೇ ವೈರ್‌ಲೆಸ್ ಪೆಟ್ಟಿಗೆ ದೋಣಿ ನಡೆಸುವ ಮೋದಿನಸಾಬನ ಹತ್ತಿರ ಇದೆ. ನೀರು ಏರಿತು ಎಂದರೆ ಅವನು ದೋಣಿ ಕಟ್ಟಿಹಾಕಬೇಕು. ಹೊಳೆದಂಡೆಯ ಈ ಕೋಣೆಗೆ ಕರೆಂಟಿನ ಕಂಬ ಬಂದಿಲ್ಲ. ಅದಕ್ಕೇ ಹಲಗೆ, ಅದಕ್ಕೇ ಬ್ಯಾಟರಿ.

ಸಂಜೆ ಚಾವಣಿಯ ಮೇಲೆ ಕೂತು ರೊಟ್ಟಿ ತಿನ್ನುವಾಗ ಮಾವ ಅಂಗಿಯ ಕಿಸೆಯಿಂದ ಕರಿಯ ಸಣ್ಣ ವಸ್ತುವೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಒಂದು ತುದಿಗೆ ಬೆಳ್ಳಿ ಗೆರೆ, ಎರಡೂ ಕಡೆ ತಂತಿ.

“ಇದು ಡಯೋಡ್. ಸೈಕಲ್ ಟ್ಯೂಬಿನ ವಾಲ್ ನೋಡೀಯಿಲ್ಲೋ? ಗಾಳಿ ಒಳಗ ಹೋಗ್ತೈತಿ, ಹೊಳ್ಳಿ ಬರೂದಿಲ್ಲ. ಇದೂ ಹಂಗ. ಹಗಲಿ ಹಲಗಿ ಬ್ಯಾಟರಿಗೆ ಕೊಡ್ತೈತಿ. ಹೊತ್ತು ಮುಣಗಿದ ಮ್ಯಾಲ ಬ್ಯಾಟರಿ ತನ್ನ ಹೊಟ್ಟ್ಯಾಗಿಂದು ಹಲಗಿಗೆ ಹೊಳ್ಳಿ ಸುರೀತೈತಿ. ಹಂಗ ಸುರೀಬಾರದಂತ ನಡಕ ಇದನ್ನ ಕೂಡಸೂದು.”

“ಹಲಗಿ ಹಿಂದ ಬ್ಯಾರೆ ಅದಾವಲ್ರಿ?”

“ಅವು ನೆಳ್ಳಿಗೆ. ಹಲಗಿ ಎಲ್ಲಾ ಒಂದರ ಹಿಂದ ಒಂದು ಜೋಡಸೇವಿ. ಒಂದರ ಮ್ಯಾಲ ನೆಳ್ಳ ಬಿತ್ತಂದ್ರ ಅದು ಅಲ್ಲೇ ನಿಂದರತೈತಿ, ಉಳದವು ದೂಡಿದ ಕರೆಂಟೆಲ್ಲಾ ಅದರ ಮೈಮ್ಯಾಲ ಬಂದು ಅದು ಸುಡ್ತೈತಿ. ಓಣ್ಯಾಗ ಒಂದು ಬಂಡಿ ಅಚ್ಚು ಮುರದು ನಿಂತ್ರ ಹಿಂದಿನ ಬಂಡಿಗೆ ಬಾಜೂಕ ಹಾದಿ ಬೇಕಿಲ್ಲೋ? ಆ ಹಾದಿನ ಅವು.”

ಇಷ್ಟು ಚೆನ್ನಾಗಿ ನನಗೆ ಯಾವ ಮಾಸ್ತರರೂ ತಿಳಿಸಿಲ್ಲ. ನಾಳೆ ಉದ್ಘಾಟನೆ. ಕಿಸೆಯ ಡಯೋಡನ್ನು ಮುಂಜಾನೆ ಬೆಸೆಯುತ್ತಾರಂತೆ.

೧೨ ಮಾರ್ಚ್

ಎಲ್ಲ ಸುಸೂತ್ರ. ಮಾವ ಬೆಸುಗೆ ಹಾಕುವುದನ್ನು ನೋಡಬೇಕೆಂದಿದ್ದೆ. ಆದರೆ ಹಾರ ತರಲು ನನ್ನನ್ನು ಇಂಡಿಗೆ ಓಡಿಸಿದರು. ಬರುವಷ್ಟರಲ್ಲಿ ಡಯೋಡಿನ ಪೆಟ್ಟಿಗೆ ಮುಚ್ಚಿ ಅರಗಿನ ಮುದ್ರೆ ಒತ್ತಿಯಾಗಿತ್ತು. “ಇದನ್ನ ನೀ ಮುಟ್ಟಬ್ಯಾಡ” ಎಂದರು. ಮುಖ ಬೆವತಿತ್ತು. ಸಂಸ್ಥೆಯ ಶಂಕರೆಪ್ಪ ಸಾಹೇಬರು ವೈರ್‌ಲೆಸ್ಸಿನ ಗುಂಡಿ ಒತ್ತಿದರು. ಆ ಕಡೆಯಿಂದ ಮೋದಿನಸಾಬನ ಮೊದಲ ಮಾತು: “ನಮ್ಮಕ್ಕ ಅಲ್ಲೇ ಅದಾಳೇನ್ರಿ? ಆರಾಮ ಅದಾಳೇನ್ರಿ?” ಎಲ್ಲರೂ ನಕ್ಕರು. ಅವನ ಅಕ್ಕ ಪೀರಬಿ ಬಾಗಿಲಲ್ಲೇ ನಿಂತಿದ್ದಳು. ನಾನು ಬಾಡಿಗೆಗಿರುವುದು ಅವಳ ಪಡಸಾಲೆಯಲ್ಲಿ, ಊಟವೂ ಅವಳ ಕೈಯದು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

೩ ಏಪ್ರಿಲ್

ಪೀರಬಿ ಚಾವಣಿ ಹತ್ತಿ ತನ್ನ ತೊಯ್ದ ಕೌದಿಯನ್ನು ಒಂದು ಹಲಗೆಯ ಮೇಲೆ ಹರವಿ ಹೋಗಿದ್ದಾಳೆ! ಚೀರಾಡುತ್ತ ಮೇಲೆ ಓಡಿದೆ. ಮಾವ ಹೇಳಿದಂತೆ ಹಲಗೆ ಸುಟ್ಟೇ ಹೋಗಿರಬೇಕು ಎಂದುಕೊಂಡೆ. ಕೌದಿ ತೆಗೆದು ಕೈಯಿಟ್ಟು ನೋಡಿದರೆ ತಣ್ಣಗಿತ್ತು. ಮೀಟರಿನ ಮುಳ್ಳು ಇಳಿದಿತ್ತು, ಪೂರ್ತಿ ಮಲಗಿರಲಿಲ್ಲ. ಹಿಂದಿನ ಡಯೋಡುಗಳು ಕರೆಂಟಿಗೆ ಪಕ್ಕದ ಹಾದಿ ಬಿಟ್ಟುಕೊಟ್ಟಿದ್ದವು. ಮಾವನ ಕೈಕೆಲಸ ಅಂದರೆ ಹೀಗೆ.

ಪೀರಬಿಗೆ ಬೈದದ್ದಕ್ಕೆ ಬೇಜಾರಾಯಿತು. ಸಂಜೆ ಮೋದಿನಸಾಬನ ಜೊತೆ ಮಾತಾಡಿಸಿದೆ. “ಉಂಡೀಯೇನೋ?” “ಉಂಡೇನಿ ಅಕ್ಕಾ, ನೀ?” ಅಷ್ಟೆ ಮಾತು. ಅಷ್ಟಕ್ಕೇ ರಾತ್ರಿ ನನಗೆ ಶೇಂಗಾ ಹೋಳಿಗೆ.

೨೧ ಮೇ

ಒಂದು ವಿಷಯ ತಲೆ ತಿನ್ನುತ್ತಿದೆ. ಮೀಟರಿನ ಸೊನ್ನೆ ನಡುವೆ ಇದೆ. ಬ್ಯಾಟರಿ ತುಂಬುವಾಗ ಮುಳ್ಳು ಬಲಕ್ಕೆ, ಖರ್ಚಾಗುವಾಗ ಎಡಕ್ಕೆ. ಹೊತ್ತು ಮುಳುಗಿದ ಮೇಲೆ, ವೈರ್‌ಲೆಸ್ ಬಂದ್ ಇದ್ದಾಗ, ಅದು ಸೊನ್ನೆಯ ಮೇಲೆ ನಿಲ್ಲಬೇಕು. ನಿಲ್ಲುವುದಿಲ್ಲ. ಒಂದಿಷ್ಟು ಎಡಕ್ಕೇ ವಾಲಿರುತ್ತದೆ.

ಮಾವ ಬಂದಾಗ ತೋರಿಸಿದೆ. ಮೀಟರಿಗೆ ಬೆರಳಿನಿಂದ ಎರಡು ಸಲ ಬಡಿದು, “ಮುಳ್ಳು ಹಳೇದಪ್ಪ, ಸೊನ್ನಿ ಮರತೈತಿ” ಎಂದರು. ಅವರು ಹಾಗೆಂದ ಮೇಲೆ ಹಾಗೆಯೇ. ಅಕ್ಕ ನನಗೆಂದು ಒಂದು ಟ್ರಾನ್ಸಿಸ್ಟರ್ ಕಳಿಸಿದ್ದಾಳೆ, ಸೆಲ್ಲು ಹಾಕಿಯೇ. ಒಬ್ಬನೇ ಇರುತ್ತೀ, ಹಾಡು ಕೇಳು ಎಂದಳಂತೆ. ಇಂಥ ಅಕ್ಕ ಯಾರಿಗಿದ್ದಾಳೆ!

೧೦ ಜುಲೈ, ಸಿಂದಗಿ

ಮೋಡ ಕವಿದು ಬಿಸಿಲಿನ ಮುಖವೇ ಇಲ್ಲ. ಹಗಲು ತುಂಬಿದ ಅಷ್ಟಿಷ್ಟೂ ಬೆಳಗಾಗುವುದರಲ್ಲಿ ಇಲ್ಲ. ಎರಡು ಸಲ ವೈರ್‌ಲೆಸ್ ಸುಮ್ಮನಾಗಿ ಮತ್ತೆ ಬಂತು. ಮಾವನಿಗೆ ಹೇಳಬೇಕೆಂದು ಸಿಂದಗಿಯ ಅಕ್ಕನ ಮನೆಗೆ ಬಂದೆ.

ಊಟಕ್ಕೆ ಕೂತಾಗ ಹೇಳಿದೆ. “ಮಾವಾ, ಬ್ಯಾಟರಿ ಹೊಳ್ಳಿ ಸುರದಂಗ ಕಾಣಸ್ತೈತ್ರಿ. ಡಯೋಡ್ ಒಮ್ಮೆ ನೋಡೂಣೇನ್ರಿ?”

ಮಾವನ ಕೈ ತಾಟಿನಲ್ಲೇ ನಿಂತಿತು. ಅಕ್ಕ ಮಾವನ ಮುಖ ನೋಡಿದಳು. ಆಮೇಲೆ ನನ್ನ ತಾಟಿಗೆ ಕೇಳದೆಯೇ ಎರಡು ರೊಟ್ಟಿ ಹಾಕಿ, “ಉಣ್ಣೂ ಮುಂದ ಅದೆಲ್ಲಾ ಯಾಕೋ ಅಮೋಗಿ? ಮಳಿಗಾಲದಾಗ ಹಂಗ ಇರ್ತೈತಿ” ಎಂದಳು. ಅವಳಿಗೇನು ಗೊತ್ತು ಎಂದು ನಗು ಬಂತು. ಮಾವ ಬರುವ ವಾರ ಬಂದು ನೋಡುತ್ತೇನೆ ಎಂದರು.

೨೯ ಜುಲೈ

ಮಾವ ಬಂದಿಲ್ಲ. ಕೆಲಸದ ಒತ್ತಡವಿರಬೇಕು. ಮುಂದಿನ ತಿಂಗಳು ಅವರ ನೌಕರಿ ಕಾಯಂ ಆಗುವುದಿದೆ.

೪ ಆಗಸ್ಟ್

ಮುಂಜಾನೆ ಅಳತೆಯ ಕಂಬದ ಅಪಾಯದ ಕೆಂಪು ಗೆರೆ ನೀರಿನಲ್ಲಿ ಮುಳುಗಿತ್ತು. ಕೆಂಪು ನೀರು, ಬೇರುಸಮೇತ ಬಂದ ಜಾಲಿಗಿಡಗಳು. ಕೋಣೆಗೆ ಓಡಿ ಗುಂಡಿ ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ಸಣ್ಣ ದೀಪವೂ ಹತ್ತಲಿಲ್ಲ. “ಮೋದಿನಸಾಬ, ದೋಣಿ ಕಟ್ರಿ, ಹೊಳಿ ಬಂದೈತಿ” ಎಂದು ಸತ್ತ ಪೆಟ್ಟಿಗೆಗೆ ಒದರಿದೆ.

ದೇವಣಗಾಂವದ ಹಾದಿಯಲ್ಲಿ ಹಳ್ಳ ತುಂಬಿತ್ತು. ಇಂಡಿಯ ಕಡೆಗೆ ಸೈಕಲ್ ಹತ್ತಿದೆ. ಎರೆಮಣ್ಣು ಗಾಲಿಗೆ ಮೆತ್ತಿ ಸೈಕಲ್ ನಿಂತೇಬಿಟ್ಟಿತು. ಹೊಲದಲ್ಲಿ ಒಗೆದು ಓಡಿದೆ. ಇಂಡಿಯ ಪೋಸ್ಟಿನಿಂದ ಸಿಂದಗಿಯ ಸಂಸ್ಥೆಗೆ ಫೋನು ಹಚ್ಚಿದಾಗ ಮಧ್ಯಾಹ್ನವಾಗಿತ್ತು. ಜೀಪು ಕಳಿಸುತ್ತೇವೆ ಎಂದರು.

೫ ಆಗಸ್ಟ್

ಮೋದಿನಸಾಬ ಹೋದ.

ಜೀಪು ಮುಟ್ಟುವ ಮೊದಲೇ ದೋಣಿ ನಡುಹೊಳೆಯಲ್ಲಿತ್ತಂತೆ. ಕಳೆ ತೆಗೆಯಲು ಹೊರಟ ಹೆಣ್ಣುಮಕ್ಕಳು ಕೂತಿದ್ದರು. ಮರವೊಂದು ಬಂದು ಬಡಿದು ದೋಣಿ ಮಗುಚಿತು. ಒಬ್ಬೊಬ್ಬರನ್ನೇ ದಂಡೆಯ ಪೊದೆಗೆ ಮುಟ್ಟಿಸಿ, ಕೊನೆಯವಳಿಗಾಗಿ ತಿರುಗಿ ಹೋದವನು ಬರಲಿಲ್ಲ. ಅವಳನ್ನು ಬೇರೆಯವರು ಎಳೆದುಕೊಂಡರು. ಹೊರಡುವ ಮೊದಲು ಪೆಟ್ಟಿಗೆಯ ಮುಂದೆ ಬಹಳ ಹೊತ್ತು ಕೂತಿದ್ದನಂತೆ. “ಅಗರಖೇಡದಿಂದ ಏನೂ ಸುದ್ದಿಲ್ಲ. ಮೋಡಕ್ಕ ಹಿಂಗ ಒಮ್ಮೊಮ್ಮೆ ಸುಮ್ಮನಾಗ್ತೈತಿ” ಎಂದು ಹೇಳಿ ಹಗ್ಗ ಬಿಚ್ಚಿದನಂತೆ.

ಪೀರಬಿಯನ್ನು ದೇವಣಗಾಂವಕ್ಕೆ ಕರೆದೊಯ್ದರು. ಒಲೆಯ ಮೇಲಿನ ಪಾತ್ರೆ ಹಾಗೇ ಇದೆ.

೭ ಆಗಸ್ಟ್

ಮುದ್ರೆ ಒಡೆದು ಪೆಟ್ಟಿಗೆ ಬಿಚ್ಚಿದೆ. ಡಯೋಡ್ ಇರಬೇಕಾದ ಜಾಗದಲ್ಲಿ ಒಂದು ತುಂಡು ತಾಮ್ರದ ತಂತಿ.

೮ ಆಗಸ್ಟ್, ಸಿಂದಗಿ

ಮಾವ ಮನೆಯಲ್ಲಿರಲಿಲ್ಲ. ಅಕ್ಕ ಅಕ್ಕಿ ಆರಿಸುತ್ತಿದ್ದಳು. ತಂತಿಯ ಮಾತು ತೆಗೆದೆ. ಅವಳು ಗಾಬರಿಯಾಗಲಿಲ್ಲ. ಮೊರವನ್ನು ಮೆಲ್ಲಗೆ ಕೆಳಗಿಟ್ಟಳು. ಆಗಲೇ ನನಗೆ ತಿಳಿಯಿತು.

“ನಿನಗ ಗೊತ್ತಿತ್ತೇನ ಅಕ್ಕಾ?”

“ಉದ್ಘಾಟನಿ ದಿನಾ ಸಂಜೀಕ ಬಂದು ಹೇಳಿದ್ರು. ಮುಂಜಾನಿ ಅವಸರಕ ಬೆಸಿಯೂ ಮುಂದ ಸುಟ್ಟುಹೋತಂತ. ಬ್ಯಾರೆ ಇರಲಿಲ್ಲಂತ. ಸಾಹೇಬ್ರು ಹಾದ್ಯಾಗ ಇದ್ರು, ಏನ್ ಮಾಡ್ತಾರ? ತಂತಿ ಹಚ್ಚಿದ್ರು. ನಾಳಿ ಹಾಕಿದ್ರಾತು ಅಂತ… ಬ್ಯಾಸಗ್ಯಾಗ ಎಲ್ಲಾ ಚಲೋ ನಡದಿತ್ತಲ್ಲೋ.”

“ನಾ ಉಣ್ಣಾಕ ಕುಂತು ಕೇಳಿದ್ನಿ. ಆವಾಗೂ ಗೊತ್ತಿತ್ತು.”

ಅವಳು ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. “ಕಾಯಂ ಆಗೂ ಹೊತ್ತು ಐತೋ ತಮ್ಮಾ. ಈಗ ಬಾಯಿ ಬಿಟ್ರ ನಾವು ಬೀದಿಗೆ ಬರ್ತೇವಿ. ನನ್ನ ಆಣಿ ಐತಿ.”

ಅಷ್ಟರಲ್ಲಿ ಮಾವ ಬಂದರು. ಬಾಗಿಲಲ್ಲೇ ಕುಸಿದು ಕೂತು ಅತ್ತರು. ಡಯೋಡ್ ತಾನಾಗಿಯೇ ಕೆಟ್ಟಿತ್ತು, ಯಾರ ತಪ್ಪೂ ಇಲ್ಲ ಎಂದು ಸಾಹೇಬರಿಗೆ ತಾವೇ ಹೇಳುತ್ತಾರಂತೆ. “ನಿನ್ನ ಹೆಸರಿಗೆ ಕೂದಲೆಳಿಯಷ್ಟೂ ಏನೂ ಬರಗೊಡೂದಿಲ್ಲ” ಎಂದರು. ಒಪ್ಪಿದೆ. ಪೆಟ್ಟಿಗೆಯನ್ನು ಇದ್ದ ಹಾಗೆ ಮುಚ್ಚಿಡು ಎಂದರು. ಅದಕ್ಕೂ ಒಪ್ಪಿದೆ.

ಮೋದಿನಸಾಬನಂತೂ ತಿರುಗಿ ಬರುವುದಿಲ್ಲ. ಅಕ್ಕನ ಮನೆಯಾದರೂ ಉಳಿಯಲಿ. ಇದರಲ್ಲಿ ತಪ್ಪೇನಿದೆ?

೧೪ ಆಗಸ್ಟ್

ವಿಚಾರಣೆ ಆಯಿತು. ಕೋಣೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಶಂಕರೆಪ್ಪ ಸಾಹೇಬರು ಕೂತರು. ಊರ ಮಂದಿ ಸುತ್ತ ನಿಂತಿದ್ದರು. ಪೀರಬಿ ತಮ್ಮನ ಮಣ್ಣು ಮುಗಿಸಿ ದೇವಣಗಾಂವದಿಂದ ಇವತ್ತೇ ಮರಳಿದವಳು, ಗೋಡೆಗೆ ಒರಗಿ ಕೂತಿದ್ದಳು.

“ಬ್ಯಾಟರಿ ಹೆಂಗ ಖಾಲಿ ಆತು?” ಎಂದು ಸಾಹೇಬರು ಕೇಳಿದರು.

ಮಾವ ಎದ್ದು ನಿಂತರು. ನನ್ನ ಕಡೆ ನೋಡಲಿಲ್ಲ. “ಹೇಳಾಕ ನಾಚಿಕಿ ಆಗ್ತೈತ್ರಿ ಸಾಹೇಬ್ರ. ನನ್ನ ಹೆಂಡತಿ ತಮ್ಮ. ಬ್ಯಾಟರಿಗೆ ರೇಡಿಯೋ ಹಚ್ಚಿ ಹಾಡ ಕೇಳ್ತಿದ್ದ. ಬ್ಯಾಡಂತ ಹೇಳಿದ್ನಿ. ಹುಡುಗಬುದ್ಧಿ.”

ಯಾರೋ ಪೀರಬಿಯ ಪಡಸಾಲೆಗೆ ಹೋಗಿ ನನ್ನ ಹಾಸಿಗೆಯ ಹತ್ತಿರ ಇದ್ದ ಟ್ರಾನ್ಸಿಸ್ಟರ್ ತಂದು ಸಾಹೇಬರ ಮುಂದಿಟ್ಟರು. ಅಕ್ಕ ಕೊಟ್ಟದ್ದು.

“ಸುಳ್ಳರಿ!” ಎಂದೆ. “ಅದಕ್ಕ ಅದರ ಸೆಲ್ಲ ಐತ್ರಿ. ಪೆಟಗ್ಯಾಗ ಡಯೋಡ್ ಇಲ್ಲರಿ, ಬರೇ ತಂತಿ ಐತ್ರಿ. ಬಿಚ್ಚಿ ನೋಡ್ರಿ!”

ಬಿಚ್ಚಿದರು. ಹೊಸ ಡಯೋಡ್, ಬೆಳ್ಳಿ ಗೆರೆ, ಹೊಳೆಯುವ ಬೆಸುಗೆ. ನಿನ್ನೆ ನಾನು ಹೊಳೆಗೆ ಹೋಗಿದ್ದಾಗ ಮಾಳಿಂಗಪ್ಪ ಬಂದು ರಿಪೇರಿ ಮಾಡಿಹೋದ ಎಂದು ಪಕ್ಕದ ಮನೆಯವರು ಹೇಳಿದ್ದರು. ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ. ಒದರುವ ಭರದಲ್ಲಿ ಅದು ನೆನಪಾಗಲಿಲ್ಲ.

“ಐತಲ್ಲೋ” ಎಂದರು ಸಾಹೇಬರು. ಮಂದಿಯಲ್ಲಿ ಯಾರೋ ಥೂ ಎಂದು ಉಗುಳಿದರು.

೧೫ ಆಗಸ್ಟ್

ಶಾಲೆಯಲ್ಲಿ ಬಾವುಟ ಏರಿಸಿದರು. ನಾನು ಹೋಗಲಿಲ್ಲ.

೧೭ ಆಗಸ್ಟ್

ಬೀಗದ ಕೈ ಇಸಿದುಕೊಂಡರು. ನೌಕರಿ ಮುಗಿಯಿತು. ಅಕ್ಕನಿಂದ ಒಂದು ಮಾತಿಲ್ಲ. ಮಾಳಿಂಗಪ್ಪ ಹೀಗೆ ಹೇಳುತ್ತಾನೆ ಎಂಬುದೂ ಅವಳಿಗೆ ಮೊದಲೇ ಗೊತ್ತಿತ್ತೇ? ಇಡೀ ದಿನ ಇದನ್ನೇ ತಿರುವಿ ಹಾಕುತ್ತಿದ್ದೇನೆ. ಅವಳು ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಗೆ ಒಯ್ದವಳು. ಕೆಂಡ ತುಳಿದಾಗ ಅಂಗಾಲಿಗೆ ಬಾಯಿಂದ ಊದಿದವಳು. ಮೊರ ಕೆಳಗಿಟ್ಟ ಆ ರೀತಿ ಮಾತ್ರ ಕಣ್ಣಿಂದ ಹೋಗುತ್ತಿಲ್ಲ. ಎಷ್ಟು ಸಾವಕಾಶ, ಒಂದು ಕಾಳೂ ಚೆಲ್ಲದ ಹಾಗೆ.

೧೯ ಆಗಸ್ಟ್

ಪೀರಬಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆದರೂ ಹೊತ್ತಿಗೆ ಸರಿಯಾಗಿ ರೊಟ್ಟಿ ಮುಚ್ಚಿಟ್ಟಿರುತ್ತಾಳೆ. ಇವತ್ತು ಗಂಟುಮೂಟೆ ಕಟ್ಟುತ್ತಿದ್ದಾಗ ಎದುರಿಗೆ ಬಂದು ಕೂತಳು.

“ಒಂದ ಮಾತ ಕೇಳ್ತೇನಿ. ಖರೇ ಹೇಳು. ಹಾಡ ಕೇಳಿದ್ದೇನು?”

ಎಲ್ಲ ಹೇಳಿದೆ. ತಂತಿ, ಅಕ್ಕ, ಆಣೆ, ಪೆಟ್ಟಿಗೆ ಮುಚ್ಚಿಟ್ಟದ್ದು. ನನಗೆ ಮೋಸವಾಯಿತು, ನನ್ನ ಹೆಸರು ಹೋಯಿತು, ಸ್ವಂತ ಅಕ್ಕ ಹೀಗೆ ಮಾಡಿದಳು ಎಂದು ಅತ್ತೆ. ಅವಳು ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ.

ನಾನು ಕಟ್ಟಿದ ಗಂಟನ್ನು ಪಕ್ಕಕ್ಕೆ ಸರಿಸಿದಳು.

“ತಂತಿ ನೋಡಿದ ಮ್ಯಾಲೂ ನನಗ ಹೇಳಲಿಲ್ಲ. ನಿನ್ನ ಅಕ್ಕ ಅತ್ತದ್ದು ನಿನಗ ಕಂಡಿತು. ನಾನೂ ಒಬ್ಬಾವನ ಅಕ್ಕ ಇದ್ನೆಪ್ಪಾ.”

ಎದ್ದು ಒಳಗೆ ಹೋದಳು. ಗಂಟು ಬಿಚ್ಚಿಟ್ಟೆ.

೨೧ ಆಗಸ್ಟ್, ದೇವಣಗಾಂವ

ಪೀರಬಿಯ ಹಿಂದೆಯೇ ನಡೆದು ಮೋದಿನಸಾಬನ ಮನೆಗೆ ಹೋದೆ. ಅವನ ಹೆಂಡತಿ ಸಗೀರಾ ಒಳಗಿನ ಕೋಣೆಯ ಪರದೆಯ ಹಿಂದೆ ಕೂತಿದ್ದಳು. ಓಣಿಯ ಹಿರಿಯರು ಬಂದರು. ನಿಂತುಕೊಂಡೇ ಎಲ್ಲ ಹೇಳಿದೆ. ಮಾಳಿಂಗಪ್ಪನ ಹೆಸರು, ರೇವವ್ವನ ಹೆಸರು, ನಾನು ಬಾಯಿ ಮುಚ್ಚಿಕೊಂಡ ದಿನಗಳು, ಯಾವುದನ್ನೂ ಬಿಡಲಿಲ್ಲ. ಕೆಲವರು ನಂಬಿದರು. ಕೆಲವರು, ಈಗ ತಪ್ಪಿಸಿಕೊಳ್ಳಲು ಕಥೆ ಕಟ್ಟುತ್ತಿದ್ದಾನೆ ಎಂದರು.

ಪರದೆಯ ಹಿಂದಿನಿಂದ ಸಗೀರಾ ಕೇಳಿದಳು: “ಹಂಗಾದ್ರ ಆವತ್ತು ಅವರು ಪೆಟಗಿ ಮುಂದ ಕುಂತದ್ದು… ನೀವು ಆ ಕಡಿಂದ ಕೂಗಾಕತ್ತಿದ್ರೇನ್ರಿ?”

“ಹೌದ್ರಿ.”

“ಏನಂತ ಕೂಗಿದ್ರಿ?”

“ಮೋದಿನಸಾಬ, ದೋಣಿ ಕಟ್ರಿ ಅಂತ.”

ಮತ್ತೊಮ್ಮೆ ಹೇಳಿ ಎಂದಳು. ಮತ್ತೊಮ್ಮೆ ಹೇಳಿದೆ.

೨೪ ಆಗಸ್ಟ್

ಸಿಂದಗಿಯಲ್ಲಿ ಸಾಹೇಬರ ಮುಂದೆಯೂ ಹೇಳಿದೆ. ಮಾಳಿಂಗಪ್ಪ ಪಕ್ಕದ ಮೇಜಿನಲ್ಲೇ ಇದ್ದ. ಮೊದಲಾದರೆ ಅವನ ಮುಂದೆ ನನ್ನ ನಾಲಗೆ ಏಳುತ್ತಿರಲಿಲ್ಲ. ಸಾಹೇಬರು ಪೂರ್ತಿ ಕೇಳಿಸಿಕೊಂಡರು. “ಆ ತಂತಿ ಕಂಡ ದಿನಾನ ಬಂದು ಹೇಳಿದ್ರ ನಾ ಬಂದು ನೋಡ್ತಿದ್ದೆ. ಈಗ ನಿನ್ನ ಮಾತು ಐತಿ, ಅವನ ಮಾತು ಐತಿ. ನಾ ಯಾವುದನ್ನ ಹಿಡೀಲಿ?” ಎಂದರು.

ಹೊರಗೆ ಬರುವಾಗ ಮಾಳಿಂಗಪ್ಪ ಕಾಗದದಿಂದ ತಲೆ ಎತ್ತಲಿಲ್ಲ. ಅಕ್ಕನ ಮನೆ ಅಲ್ಲಿಂದ ಒಂದು ಓಣಿ ಆಚೆ. ಹೋಗಲಿಲ್ಲ.

೧೬ ಸೆಪ್ಟೆಂಬರ್, ಇಂಡಿ

ಗೈಬುಸಾಬರ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಪೀರಬಿ ಹೇಳಿ ಕೊಡಿಸಿದ್ದು. ನಾನು ಬೆಸೆದದ್ದನ್ನು ಗೈಬುಸಾಬರು ನೋಡಿ ಒಳ್ಳೆಯದಿದೆ ಎನ್ನುತ್ತಾರೆ. ಆದರೂ ನಾನು ಮತ್ತೆ ಬಿಚ್ಚಿ ನೋಡುತ್ತೇನೆ. ಅವರು ಬೆಸೆದದ್ದನ್ನೂ ಬಿಚ್ಚಿ ನೋಡುತ್ತೇನೆ. ಅವರಿಗೆ ಸಿಟ್ಟು ಬರುತ್ತದೆ. “ನನ್ನ ಮ್ಯಾಲೂ ಭರೋಸಾ ಇಲ್ಲೇನೋ?” ಎಂದು ಇವತ್ತು ಕೇಳಿದರು. ಇದೆ ಎಂದೆ. ನೋಡಿದರೆ ತಪ್ಪೇನು?

ಅಗರಖೇಡದ ಕೋಣೆಗೆ ಹೊಸಬ ಬಂದಿದ್ದಾನಂತೆ. ಸಂಜೆ ಮುಳ್ಳು ಸೊನ್ನೆಯ ಮೇಲೇ ನಿಲ್ಲುತ್ತದಂತೆ. ಕೇಳಿ ತಿಳಿದುಕೊಂಡೆ.

೯ ನವೆಂಬರ್

ಅಕ್ಕ ಬಂದಿದ್ದಳು. ಅಂಗಡಿಯ ಮೆಟ್ಟಿಲಲ್ಲಿ ಬಹಳ ಹೊತ್ತು ನಿಂತಿದ್ದಳಂತೆ. ನಾನು ಟ್ರಾನ್ಸಿಸ್ಟರೊಂದರ ಮೇಲೆ ಬಗ್ಗಿದ್ದೆ, ನೋಡಿರಲಿಲ್ಲ. ಕೈಯಲ್ಲಿ ಪೇಡೆಯ ಪೊಟ್ಟಣ. ಮಾಳಿಂಗಪ್ಪನ ನೌಕರಿ ಕಾಯಂ ಆಗಿದೆ.

ಸ್ಟೂಲು ಎಳೆದುಕೊಟ್ಟೆ. “ಬರ್ರಿ, ಕೂಡ್ರಿ. ಚಾ ಕುಡೀತೀರೇನು?” ಎಂದೆ.

ಅವಳು ಕೂರಲಿಲ್ಲ. “ಯಾರಿಗಂದಿ?”

ನನಗೆ ಅರ್ಥವಾಗಲಿಲ್ಲ. “ನಿಮಗರಿ” ಎಂದೆ.

“ನಾ ನಿನ್ನ ಅಕ್ಕ ಅದೇನಿ ಅಮೋಗಿ. ನನಗ ‘ರಿ’ ಅಂತೀಯೇನೋ?”

ಗೈಬುಸಾಬರು ಎದ್ದು ಹೊರಗೆ ಹೋದರು. ಅಕ್ಕನ ಕಣ್ಣಿಂದ ನೀರಿಳಿಯಿತು. ತನ್ನ ಗಂಡ ಸಾಹೇಬರ ಮುಂದೆ ಹಾಗೆ ಹೇಳುತ್ತಾರೆಂದು ತನಗೆ ಗೊತ್ತಿರಲಿಲ್ಲ, ಮಕ್ಕಳ ಆಣೆ ಎಂದಳು. ಇರಬಹುದು. ಡಯೋಡಿನ ಮಾತು ಗೊತ್ತಿತ್ತಲ್ಲ ಎನ್ನಬೇಕೆಂದಿದ್ದೆ, ಎನ್ನಲಿಲ್ಲ. ಚಹಾ ತರಿಸಿದೆ. ಕುಡಿದಳು. ಪೇಡೆ ಬೇಡವೆಂದೆ. ಪೊಟ್ಟಣವನ್ನು ಮತ್ತೆ ಚೀಲದಲ್ಲಿಟ್ಟುಕೊಂಡಳು.

ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟೆ. ಸಿಟ್ಟೇನೂ ಇರಲಿಲ್ಲ, ದೇವರ ಸಾಕ್ಷಿ. ಬಸ್ಸು ಅಲುಗಿದಾಗ ಅವಳು ಕಿಟಕಿಯಿಂದ ಕೈ ಚಾಚಿ ನನ್ನ ತಲೆ ಮುಟ್ಟಿ, ಏನೋ ಕೇಳಬೇಕೆನ್ನುವಂತೆ ನನ್ನ ಬಾಯಿಯನ್ನೇ ನೋಡಿದಳು.

“ಹೋಗಿ ಬರ್ರಿ” ಎಂದೆ.